ಗಡಿನಾಡಿನ ಖಾನ್ ಅಬ್ದುಲ್ ಗಫಾರ್ ಖಾನರು

ಬಲವಿಲ್ಲದವನು ಹೊಡೆತವನ್ನು ತಾಳಿಕೊಂಡರೆ ಲೋಕವು ಅದನ್ನು ತಾಳ್ಮೆಯೆಂದು ಎಣಿಸುವದು ಅಪರೂಪ. ಪಾಪ, ಬಡವನು, ಬೇರೇನು ಮಾಡಿಯಾನು ಎಂದು ಹೇಳಿ ತನ್ನ ದಾರಿ ಹಿಡಿಯುವದು. ಆದರೆ ಹೊಡೆಯಬಲ್ಲವನು, ಹೊಡೆತಕ್ಕೆ ಹೊಡೆತ ಕೊಡುವದೇ ಗಂಡಸುತನವೆಂದು ಎಳೆತನದಿಂದಲೇ ಕಲಿತವನು, ಮನೆಯ ಗೋಡೆಯಲ್ಲಿ ಬಂದೂಕು ತೂಗುತ್ತಿರುವಾಗ ಬರಿಗೈಯಿಂದ ಹೊರಗೆ ಬಂದು ಸಿಪಾಯಿಗಳ ಮುಂದೆ ನಿಂತರೆ ಅದಕ್ಕೆ ಏನೆನ್ನಬೇಕು? ಅಂಥವನ ತಾಳ್ಮೆಯನ್ನು ಹೇಡಿತನವೆನ್ನಲು ಯಾರ ನಾಲಿಗೆಯೂ ಏಳದು. ಹಿಂದೂಸ್ಥಾನವು ಸ್ವಾತಂತ್ರ್ಯಕ್ಕಾಗಿ ಹೋರಾಡಿದ ದಿನಗಳಲ್ಲಿ ಇಂಥವರು ಒಬ್ಬಿಬ್ಬರಲ್ಲ, ಸಾವಿರಾರು ಮಂದಿ ಒಂದೇ ಸೀಮೆಯಲ್ಲಿ ಎದ್ದರು. ಅವರನ್ನು ಸಿದ್ಧಮಾಡಿದ ಖಾನ್ ಅಬ್ದುಲ್ ಗಫಾರ್ ಖಾನರ ಚರಿತ್ರೆಯನ್ನು ಈ ಸಾರಿ ಹೇಳುವೆವು. ಸಿದ್ಧಮಾಡಿದ ಎಂಬ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಯಾಕಂದರೆ ಒಂದು ದಿನದ ಧೈರ್ಯದ ಹಿಂದೆ ಇಪ್ಪತ್ತು ವರುಷಗಳ ದುಡಿತವಿತ್ತೆಂಬದೇ ಈ ಚರಿತ್ರೆಯ ತಿರುಳು.

ಗಡಿನಾಡು

ಪಂಜಾಬಿನಿಂದ ಪಡುವಲಿಗೆ ಸಿಂಧೂ ನದಿಯನ್ನು ದಾಟಿ ಹೋದರೆ ಬೋಳು ಬೆಟ್ಟಗಳೂ ಅವುಗಳ ನಡುವೆ ಕಾಲುವೆಯ ನೀರುಂಡ ಹಸುರು ಬಯಲುಗಳೂ ಉಳ್ಳ ಸೀಮೆಯೊಂದು ಸಿಕ್ಕುವದು. ಅಲ್ಲಿಯ ಮುಖ್ಯ ಪಟ್ಟಣ ಪೆಶಾವರ. ಅದರ ಆಚೆಗೆ ಖೈಬರ್ ಎಂಬ ಇಕ್ಕಟ್ಟಾದ ಕಣಿವೆ. ಕಣಿವೆಯ ಆಚೆಗೆ ಆಫ್ಘಾನಿಸ್ಥಾನ. ಬ್ರಿಟಿಷ್ ಸರಕಾರದವರು ೧೯೦೧ರಲ್ಲಿ ಈ ಸೀಮೆಯನ್ನು ಪಂಜಾಬಿನಿಂದ ಬೇರೆಮಾಡಿ ವಾಯವ್ಯ ಗಡಿ ಪ್ರಾಂತವೆಂದು ಹೆಸರಿಟ್ಟರು. ೧೯೪೭ರಲ್ಲಿ ಅದು ಪಾಕಿಸ್ತಾನಕ್ಕೆ ಸೇರಿತು. ೨೦೧೦ರಿಂದ ಅದಕ್ಕೆ ಖೈಬರ್ ಪಖ್ತೂನ್‌ಖ್ವಾ ಎಂಬ ಹೆಸರಾಗಿದೆ.

ಅಲ್ಲಿಯ ನಿವಾಸಿಗಳಲ್ಲಿ ಬಹುಮಂದಿ ಪಠಾಣರು. ಇವರು ಪಶ್ತು ಭಾಷೆಯನ್ನಾಡುವ ಮುಸಲ್ಮಾನರು, ಬಲವಾದ ಮೈಕಟ್ಟಿನವರು, ಹೊಲಗೆಯ್ದು ಬದುಕುವವರು. ಮನೆಯ ಆಶ್ರಯ ಬೇಡಿ ಬಂದವನು ಹಗೆಯವನಾದರೂ ಅವನಿಗೆ ಉಣಲಿಕ್ಕಿ ಕಾಪಾಡುವದು ಅವರ ಕುಲದ ಕಟ್ಟಳೆ. ಆದರೆ ಅದೇ ಕಟ್ಟಳೆಯಲ್ಲಿ ಇನ್ನೊಂದು ಅಂಶವೂ ಉಂಟು. ಅದನ್ನು ಅವರು ಬದಲ್ ಎನ್ನುತ್ತಾರೆ. ಅಂದರೆ ಮುಯ್ಯಿ ತೀರಿಸುವದು. ಒಂದು ಗೇಣು ಹೊಲ, ಒಂದು ಪಾಳಿಯ ನೀರು, ಒಂದು ಬಿರುನುಡಿ, ಇವುಗಳಿಂದ ಹುಟ್ಟಿದ ಹಗೆತನವು ಕೊಲೆಗೆ ಮುಟ್ಟುವದು. ಆ ಕೊಲೆಗೆ ಇನ್ನೊಂದು ಕೊಲೆಯಾಗುವದು. ತಂದೆಯು ತೀರಿಸದೆ ಹೋದ ಮುಯ್ಯಿಯನ್ನು ಮಗನು ಹೊಲಮನೆಗಳಂತೆ ಬಾಧ್ಯತೆಯಾಗಿ ಹೊಂದುವನು. ಹೀಗೆ ಎಷ್ಟೋ ಮನೆಗಳು ಗಂಡಸರಿಲ್ಲದೆ ಬರಿದಾದವು.

ಸರಕಾರದವರು ಈ ಸೀಮೆಯನ್ನು ಮುಖ್ಯವಾಗಿ ಸೈನ್ಯದ ಬಲದಿಂದಲೇ ಆಳುತ್ತಿದ್ದರು. ಮಿಕ್ಕ ಪ್ರಾಂತಗಳಿಗೆ ೧೯೧೯ರ ಕಾಯಿದೆಯಿಂದ ದೊರೆತ ಅಲ್ಪಸ್ವಲ್ಪ ಅಧಿಕಾರವು ೧೯೩೨ರ ವರೆಗೂ ಗಡಿನಾಡಿಗೆ ದೊರೆಯಲಿಲ್ಲ. ಅಲ್ಲಿ ನಡೆಯುತ್ತಿದ್ದ ವಿಶೇಷ ಕಾಯಿದೆಯ ಪ್ರಕಾರ ಒಬ್ಬನ ತಪ್ಪಿಗಾಗಿ ಇಡೀ ಊರಿಗೇ ದಂಡ ಹಾಕಬಹುದಾಗಿತ್ತು.

ಬಾಲ್ಯವೂ ವಿದ್ಯಾಭ್ಯಾಸವೂ

ಗಫಾರ್ ಖಾನರು ಪೆಶಾವರ ಜಿಲ್ಲೆಯ ಉತ್ಮಾನ್‌ಜೈ ಎಂಬ ಹಳ್ಳಿಯಲ್ಲಿ ೧೮೯೦ರಲ್ಲಿ ಹುಟ್ಟಿದರು. ಹುಟ್ಟಿದ ತೇದಿಯನ್ನು ಬರೆದಿಡುವ ವಾಡಿಕೆ ಆ ಕಾಲದ ಹಳ್ಳಿಗಳಲ್ಲಿ ಇರಲಿಲ್ಲ. ತಂದೆಯಾದ ಬೆಹ್ರಾಮ್ ಖಾನರು ಹೊಲಮನೆಗಳುಳ್ಳ ಮುಖಂಡರು. ತಂದೆತಾಯಿಗಳಿಬ್ಬರಿಗೂ ಓದುಬರಹ ಬರುತ್ತಿರಲಿಲ್ಲ. ಆದರೆ ಇಬ್ಬರೂ ದೈವಭಕ್ತರು. ಬೆಹ್ರಾಮ್ ಖಾನರು ತಮಗೆ ಅನ್ಯಾಯ ಮಾಡಿದವರನ್ನು ಕ್ಷಮಿಸಿಬಿಡುತ್ತಿದ್ದರು. ಹಗೆಯಿಲ್ಲದ ಖಾನನೆಂದರೆ ಆ ಸೀಮೆಯಲ್ಲಿ ಅಪೂರ್ವ. ಮಗನು ಮುಂದೆ ಸಾವಿರಾರು ಜನರಿಗೆ ಕಲಿಸಿದ ಪಾಠದ ಮೊದಲ ಅಕ್ಷರವನ್ನು ತನ್ನ ಮನೆಯ ಅಂಗಳದಲ್ಲಿಯೇ ಕಂಡಿದ್ದನು.

ಆಗ್ಗೆ ಪೆಶಾವರದಲ್ಲಿ ಎಡ್ವರ್ಡ್ಸ್ ಮೆಮೋರಿಯಲ್ ಮಿಶನ್ ಹೈಸ್ಕೂಲು ಎಂಬ ಪಾಠಶಾಲೆ ಇತ್ತು. ಅಂಥಾ ಶಾಲೆಗಳಿಗೆ ಹೋಗುವ ಹುಡುಗರು ನರಕಕ್ಕೆ ಹೋಗುವರೆಂದು ಮುಲ್ಲಾಗಳು ಊರೂರಲ್ಲಿ ಸಾರುತ್ತಿದ್ದರು. ಬೆಹ್ರಾಮ್ ಖಾನರು ಈ ಗದ್ದಲಕ್ಕೆ ಕಿವಿಗೊಡದೆ ಮೊದಲು ಹಿರಿಯ ಮಗನನ್ನೂ ತರುವಾಯ ಗಫಾರನನ್ನೂ ಅಲ್ಲಿಗೆ ಕಳುಹಿಸಿದರು. ಹಿರಿಯನು ಮುಂದೆ ವಿಲಾಯಿತಿಯಲ್ಲಿ ವೈದ್ಯಶಾಸ್ತ್ರವನ್ನು ಕಲಿತು ಡಾಕ್ಟರ್ ಖಾನ್ ಸಾಹೇಬರೆಂದು ಹೆಸರಾದನು.

ಶಾಲೆಯ ಮುಖ್ಯೋಪಾಧ್ಯಾಯರು ವಿಗ್ರಮ್ ಪಾದ್ರಿಯವರು. ಇವರು ಬಡಹುಡುಗರ ಖರ್ಚನ್ನು ತಮ್ಮ ಸ್ವಂತ ಹಣದಿಂದ ಕೊಡುತ್ತಿದ್ದರು. ಗಫಾರನು ಇದನ್ನು ನೋಡಿ ಯೋಚಿಸುತ್ತಿದ್ದನು. ಏಳು ಸಮುದ್ರದ ಆಚೆಯಿಂದ ಬಂದವರು, ತಮ್ಮ ಭಾಷೆಯನ್ನಾಗಲಿ ಕುಲವನ್ನಾಗಲಿ ಸೇರದ ಮಕ್ಕಳಿಗಾಗಿ ಇಷ್ಟು ದುಡಿಯುತ್ತಿರುವಾಗ, ನಮ್ಮವರ ಮಕ್ಕಳಿಗಾಗಿ ನಮ್ಮವರಲ್ಲಿ ಒಬ್ಬರೂ ಯಾಕೆ ದುಡಿಯಬಾರದೆಂಬ ಪ್ರಶ್ನೆ ಅವನ ಮನಸ್ಸನ್ನು ಬಿಡಲಿಲ್ಲ. ಅವರು ಕೊನೆಯ ವರೆಗೂ ತಮ್ಮ ಮತದಲ್ಲಿ ದೃಢವಾಗಿ ನಿಂತ ಮುಸಲ್ಮಾನರು. ನಮಾಜನ್ನೂ ಉಪವಾಸವನ್ನೂ ತಪ್ಪಿಸಿದವರಲ್ಲ. ಆದರೂ ಜನಸೇವೆಯ ಆಶೆ ತನ್ನಲ್ಲಿ ಹುಟ್ಟಿದ್ದು ಆ ಪಾದ್ರಿಯವರ ನಡತೆಯಿಂದಲೇ ಎಂಬದನ್ನು ಮುದಿತನದಲ್ಲಿಯೂ ಕೃತಜ್ಞತೆಯಿಂದ ಹೇಳುತ್ತಿದ್ದರು.

ಓದು ಮುಗಿಯುವ ಕಾಲದಲ್ಲಿ ಗೈಡ್ಸ್ ಎಂಬ ಹೆಸರಾದ ದಳದಲ್ಲಿ ಅಧಿಕಾರಿಯಾಗುವ ಅವಕಾಶ ಅವರಿಗೆ ಒದಗಿತು. ಪಠಾಣರಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆ ಇರಲಿಲ್ಲ. ಆದರೆ ಅದೇ ದಳದಲ್ಲಿದ್ದ ಸ್ನೇಹಿತನೊಬ್ಬನನ್ನು ಅವನಿಗಿಂತ ಕೆಳಗಿನ ದರ್ಜೆಯ ಆಂಗ್ಲ ಅಧಿಕಾರಿಯೊಬ್ಬನು ಎಲ್ಲರ ಮುಂದೆ ಹೀನಾಯವಾಗಿ ಬೈದದ್ದನ್ನು ಅವರು ಕಣ್ಣಾರೆ ಕಂಡರು. ಅಲ್ಲಿಗೆ ದಂಡಿನ ಆಶೆ ತೀರಿತು. ಇಂಗ್ಲೆಂಡಿಗೆ ಹೋಗಿ ಓದುವ ಅವಕಾಶವೂ ಬಂತು; ಆದರೆ ಒಬ್ಬ ಮಗನನ್ನು ದೂರದೇಶಕ್ಕೆ ಕಳುಹಿಸಿದ್ದ ತಾಯಿಯು ಎರಡನೆಯವನನ್ನೂ ಅಗಲಲಾರದೆ ಅತ್ತಳು. ಗಫಾರ್ ಖಾನರು ತಾಯಿಯ ಕಣ್ಣೀರನ್ನು ಮೀರದೆ ಹಳ್ಳಿಯಲ್ಲಿ ನಿಂತರು.

ಹಳ್ಳಿಗಳ ಸಂಚಾರ

೧೯೧೦ರಲ್ಲಿ, ಇಪ್ಪತ್ತು ವರುಷದ ಪ್ರಾಯದಲ್ಲಿ, ಅವರು ತುರಂಗ್‌ಜೈಯ ಹಾಜಿಯವರ ಸಂಗಡ ಕೂಡಿ ತಮ್ಮ ಊರಿನಲ್ಲಿ ಒಂದು ಪಾಠಶಾಲೆಯನ್ನು ತೆರೆದರು. ಸುತ್ತಲಿನ ಹಳ್ಳಿಗಳಲ್ಲಿಯೂ ಇಂಥಾ ಶಾಲೆಗಳು ಹುಟ್ಟಿದವು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಹಾಜಿಯವರು ಬೆಟ್ಟಗಳಿಗೆ ಓಡಿಹೋಗಬೇಕಾಯಿತು. ಸರಕಾರದವರು ಶಾಲೆಗಳನ್ನು ಮುಚ್ಚಿಸಿದರು. ಆಗ ಗಫಾರ್ ಖಾನರು ಎದೆಗುಂದದೆ ಹಳ್ಳಿಯಿಂದ ಹಳ್ಳಿಗೆ ತಿರುಗಲಾರಂಭಿಸಿದರು. ರಾತ್ರಿ ಊರ ಚಾವಡಿಯಲ್ಲಿ ಕೂತು ಹುಡುಗರನ್ನು ಓದಿಸಬೇಕೆಂದೂ, ಹೆಣ್ಣುಮಕ್ಕಳಿಗೂ ವಿದ್ಯೆ ಬೇಕೆಂದೂ, ಮನೆಯ ಸುತ್ತು ಶುಚಿಯಾಗಿರಬೇಕೆಂದೂ, ಮುಯ್ಯಿಗೆ ಮುಯ್ಯಿ ತೀರಿಸುತ್ತ ಹೋದರೆ ಊರೇ ಹಾಳಾಗುವದೆಂದೂ ಬಿಡಿಸಿ ಹೇಳುತ್ತಿದ್ದರು. ಜನರು ಅವರನ್ನು ಪ್ರೀತಿಯಿಂದ ಬಾದಶಹ ಖಾನ್ ಎಂದು ಕರೆಯತೊಡಗಿದರು. ಖಾನರ ರಾಜನೆಂದು ಅದರ ಅರ್ಥ. ಆದರೆ ಆ ರಾಜನಿಗೆ ಕಾಲ್ನಡಿಗೆಯೇ ವಾಹನ.

ಮನೆಯ ದುಃಖವೂ ಅವರನ್ನು ಬಿಡಲಿಲ್ಲ. ಮೊದಲನೆಯ ಹೆಂಡತಿಯು ಇಬ್ಬರು ಗಂಡುಮಕ್ಕಳನ್ನು ಬಿಟ್ಟು ೧೯೧೮ರ ಇನ್‌ಫ್ಲುಯೆಂಜಾ ಜ್ವರದ ಕಾಲದಲ್ಲಿ ತೀರಿಹೋದಳು. ತರುವಾಯ ಮದುವೆಯಾದ ಹೆಂಡತಿಯು ೧೯೨೬ರಲ್ಲಿ ಮಕ್ಕಾ ಯಾತ್ರೆಯನ್ನು ಮುಗಿಸಿ ಯೆರೂಸಲೇಮಿಗೆ ಹೋಗಿದ್ದಾಗ ಮೆಟ್ಟಲುಗಳಿಂದ ಬಿದ್ದು ಮರಣಹೊಂದಿದಳು. ಅವರು ಪುನಃ ಮದುವೆಯಾಗಲಿಲ್ಲ.

೧೯೧೯ರಲ್ಲಿ ರೌಲಟ್ ಕಾಯಿದೆಯೆಂಬದು ಬಂತು. ವಿಚಾರಣೆಯಿಲ್ಲದೆ ಜನರನ್ನು ಸೆರೆಯಲ್ಲಿಡಲು ಅದು ಸರಕಾರಕ್ಕೆ ಅಧಿಕಾರ ಕೊಟ್ಟಿತು. ಗಾಂಧೀಜಿಯವರ ಕರೆಗೆ ಓಗೊಟ್ಟು ದೇಶದಲ್ಲೆಲ್ಲಾ ಸಭೆಗಳು ನಡೆದಂತೆ ಉತ್ಮಾನ್‌ಜೈಯಲ್ಲಿಯೂ ದೊಡ್ಡ ಸಭೆ ಕೂಡಿತು. ಗಫಾರ್ ಖಾನರು ಸೆರೆಯಾದರು. ಅವರದು ಆರಡಿ ಮೀರಿದ ಆಳು. ಅವರ ಕಾಲಿಗೆ ತಕ್ಕ ಬೇಡಿ ಸೆರೆಮನೆಯಲ್ಲಿ ಇಲ್ಲದೆ ಹೋಗಿ, ಚಿಕ್ಕದನ್ನೇ ಬಿಗಿದದ್ದರಿಂದ ಹರಡುಗಳು ಹರಿದು ರಕ್ತ ಸುರಿಯಿತು. ಬಿಡುಗಡೆಯಾದ ಮೇಲೆ ೧೯೨೧ರಲ್ಲಿ ಊರಿನಲ್ಲಿ ಆಜಾದ್ ಶಾಲೆಯನ್ನು ತೆರೆದರು. ಅದೇ ವರುಷದ ಕೊನೆಗೆ ಮೂರು ವರುಷದ ಕಠಿಣ ಶಿಕ್ಷೆಯಾಯಿತು. ಖಾನನ ಮಗನು ಸೆರೆಮನೆಯಲ್ಲಿ ಬೀಸುವ ಕಲ್ಲಿನ ಮುಂದೆ ಕೂತು ಧಾನ್ಯ ಬೀಸಿದನು. ೧೯೨೪ರಲ್ಲಿ ಹೊರಗೆ ಬಂದಾಗ ಮೈ ಇಳಿದಿತ್ತು, ಮನಸ್ಸು ಇಳಿದಿರಲಿಲ್ಲ. ೧೯೨೮ರಲ್ಲಿ ಪಖ್ತೂನ್ ಎಂಬ ಮಾಸಪತ್ರಿಕೆಯನ್ನು ಪಶ್ತು ಭಾಷೆಯಲ್ಲಿ ಹೊರಡಿಸಿದರು. ತಾಯ್ನುಡಿಯಲ್ಲಿ ಓದುವದಕ್ಕೇ ಏನೂ ಇಲ್ಲದ ಜನರಿಗೆ ಅದು ಕಣ್ಣು ತೆರೆದಂತಾಯಿತು.

ದೇವರ ಸೇವಕರು

೧೯೨೯ರ ಕೊನೆಯ ಭಾಗದಲ್ಲಿ ಅವರು ಒಂದು ದಳವನ್ನು ಕಟ್ಟಿದರು. ಅದರ ಹೆಸರು ಖುದಾಯಿ ಖಿದ್ಮತ್‌ಗಾರ್, ಅಂದರೆ ದೇವರ ಸೇವಕರು. ದೇವರಿಗೆ ನಮ್ಮ ಸೇವೆಯಿಂದ ಆಗಬೇಕಾದದ್ದೇನೂ ಇಲ್ಲ. ಆದಕಾರಣ ಆತನು ಸೃಷ್ಟಿಸಿದ ಮನುಷ್ಯರನ್ನು ಸೇವಿಸುವದೇ ಆತನ ಸೇವೆ ಎಂಬದು ಆ ಹೆಸರಿನ ತಾತ್ಪರ್ಯ. ಸೇರಬಂದವನು ದೇವರ ಹೆಸರಿನಲ್ಲಿ ಪ್ರಮಾಣ ಮಾಡಬೇಕಾಗಿತ್ತು. ಬಲಾತ್ಕಾರ ಮಾಡೆನು, ಮುಯ್ಯಿ ತೀರಿಸೆನು, ಕೇಡು ಮಾಡಿದವನನ್ನು ಕ್ಷಮಿಸುವೆನು, ಮನೆತನದ ಹಗೆಯನ್ನು ಬಿಡುವೆನು, ಸರಳವಾಗಿ ಬಾಳುವೆನು, ದಿನಕ್ಕೆ ಎರಡು ಗಂಟೆಯಾದರೂ ಜನರಿಗಾಗಿ ದುಡಿಯುವೆನು, ಸೇವೆಗೆ ಪ್ರತಿಫಲ ಬೇಡೆನು ಎಂಬದು ಆ ಪ್ರಮಾಣದ ಸಾರ. ಪಠಾಣನು ಮಾತು ಕೊಟ್ಟರೆ ಪ್ರಾಣ ಹೋದರೂ ತಪ್ಪಲಾರನು. ಗಫಾರ್ ಖಾನರು ಆ ಜನರ ಗುಣವನ್ನು ಬಲ್ಲವರಾಗಿ, ಕೊಲ್ಲುವದಕ್ಕಾಗಿ ಉಪಯೋಗವಾಗುತ್ತಿದ್ದ ಮಾನವನ್ನೇ ಕೊಲ್ಲದಿರುವದಕ್ಕೆ ಕಟ್ಟಿಹಾಕಿದರು.

ದಂಡಿನಲ್ಲಿದ್ದಂತೆ ಈ ದಳದಲ್ಲಿಯೂ ಕವಾಯತು ಇತ್ತು, ದರ್ಜೆಗಳಿದ್ದವು, ಡೋಲು ಬಾರಿಸುವವರಿದ್ದರು. ಆಯುಧ ಮಾತ್ರ ಇರಲಿಲ್ಲ. ಬಿಳೀ ಅಂಗಿ ಬೇಗನೆ ಕೊಳೆಯಾಗುವದರಿಂದ ಊರಿನಲ್ಲಿ ಅಗ್ಗವಾಗಿ ಸಿಕ್ಕುವ ಇಟ್ಟಿಗೆ ಬಣ್ಣದಲ್ಲಿ ಅದ್ದಿ ತೊಟ್ಟರು. ಅದರಿಂದ ಕೆಂಪಂಗಿಯವರೆಂದು ಹೆಸರು ಬಂತು. ಸರಕಾರದ ಕೆಲವರು ಆ ಬಣ್ಣವನ್ನು ನೋಡಿ ಇವರು ರಷ್ಯಾ ದೇಶದ ಕ್ರಾಂತಿಕಾರರ ಕಡೆಯವರೆಂದು ಸಂಶಯಪಟ್ಟರು. ಇವರಾದರೋ ಕಾಲುವೆಯ ಹೂಳು ತೆಗೆಯುವದು, ಓಣಿ ಗುಡಿಸುವದು, ನೂಲು ನೂಲುವದು, ಜಗಳವಾಡಿದ ಎರಡು ಮನೆಗಳವರನ್ನು ಒಂದೇ ಹಾಸಿಗೆಯ ಮೇಲೆ ಕೂರಿಸಿ ರಾಜಿ ಮಾಡುವದು ಮುಂತಾದ ಕೆಲಸಗಳಲ್ಲಿ ತೊಡಗಿದ್ದರು. ಮೊದಲ ತಿಂಗಳುಗಳಲ್ಲಿ ಅವರ ಸಂಖ್ಯೆ ಬಹು ಸ್ವಲ್ಪ.

೧೯೩೦ನೇ ಎಪ್ರಿಲ್ ೨೩

೧೯೩೦ನೇ ಮಾರ್ಚಿ ೧೨ರಂದು ಗಾಂಧೀಜಿಯವರು ಗುಜರಾತಿನ ಸಾಬರಮತಿಯಿಂದ ಹೊರಟು ಎಪ್ರಿಲ್ ೬ರಂದು ದಾಂಡಿಯ ಕಡಲತಡಿಯಲ್ಲಿ ಉಪ್ಪನ್ನು ಎತ್ತಿ ಉಪ್ಪಿನ ಕಾಯಿದೆಯನ್ನು ಮುರಿದ ಸಂಗತಿಯನ್ನು ವಾಚಕರು ಬಲ್ಲರು. ನಮ್ಮ ಉತ್ತರ ಕನ್ನಡದ ಅಂಕೋಲೆಯಲ್ಲಿಯೂ ಎಪ್ರಿಲ್ ೧೩ರಂದು ಜನರು ಅದೇ ಕಾರ್ಯವನ್ನು ಮಾಡಿದರು. ಗಡಿನಾಡಿಗೆ ಸಮುದ್ರವಿಲ್ಲ, ಆದರೆ ಕಾಯಿದೆಯನ್ನು ಶಾಂತವಾಗಿ ಮೀರುವ ಚಳವಳಿ ಅಲ್ಲಿಗೂ ಮುಟ್ಟಿತು. ಎಪ್ರಿಲ್ ೨೩ರಂದು ಗಫಾರ್ ಖಾನರು ತಮ್ಮ ಊರಿನಲ್ಲಿ ಮಾತಾಡಿ ಪೆಶಾವರಕ್ಕೆ ಹೊರಟಾಗ ದಾರಿಯಲ್ಲಿಯೇ ಅವರನ್ನು ಸೆರೆಹಿಡಿದರು. ಅದೇ ದಿನ ಪಟ್ಟಣದಲ್ಲಿಯೂ ಕಾಂಗ್ರೆಸಿನ ಮುಖಂಡರು ಸೆರೆಯಾದರು.

ಪೆಶಾವರದಲ್ಲಿ ಕಿಸ್ಸಾ ಖ್ವಾನಿ ಎಂಬ ಪೇಟೆ ಉಂಟು. ಕಥೆ ಹೇಳುವವರ ಬೀದಿ ಎಂದು ಅದರ ಅರ್ಥ. ದೂರದಿಂದ ಬಂದ ವ್ಯಾಪಾರಿಗಳು ಅಲ್ಲಿ ಚಹಾ ಕುಡಿಯುತ್ತಾ ಕಥೆ ಕೇಳುತ್ತಿದ್ದರಂತೆ. ಆ ದಿನ ಜನರು ಸೆರೆಯಾದ ಮುಖಂಡರನ್ನು ಹಿಂಬಾಲಿಸಿ ಆ ಬೀದಿಯಲ್ಲಿ ಗುಂಪುಕೂಡಿದರು. ಸೈನ್ಯದ ಉಕ್ಕಿನ ಗಾಡಿಗಳು ವೇಗವಾಗಿ ಗುಂಪಿನೊಳಕ್ಕೆ ನುಗ್ಗಿದಾಗ ಕೆಲವರು ಗಾಲಿಯ ಕೆಳಗೆ ಸಿಕ್ಕಿ ಸತ್ತರು. ಆ ಗದ್ದಲದಲ್ಲಿ ಮೋಟಾರು ಸೈಕಲಿನ ಆಂಗ್ಲ ಸಿಪಾಯಿಯೊಬ್ಬನೂ ಸತ್ತನು. ಒಂದು ಗಾಡಿಗೆ ಬೆಂಕಿಬಿತ್ತು. ಗುಂಪಿನಿಂದ ಕಲ್ಲುಗಳೂ ಬಂದವು. ಇದನ್ನು ಮರೆಮಾಡಿದರೆ ಚರಿತ್ರೆಗೆ ಅನ್ಯಾಯ. ಪಟ್ಟಣದ ಗುಂಪಿನಲ್ಲಿದ್ದವರೆಲ್ಲರೂ ಪ್ರಮಾಣ ಮಾಡಿದ ಸೇವಕರಾಗಿರಲಿಲ್ಲ.

ತರುವಾಯ ಗುಂಡು ಹಾರಿಸಲು ಅಪ್ಪಣೆಯಾಯಿತು. ನಡೆದ ಆಶ್ಚರ್ಯವು ಇದರ ಮೇಲೆಯೇ. ಮುಂದಿನ ಸಾಲಿನವರು ಬಿದ್ದಾಗ ಹಿಂದಿನವರು ಮುಂದೆ ಬಂದು ನಿಂತರು. ಸತ್ತವರನ್ನೂ ಗಾಯಪಟ್ಟವರನ್ನೂ ಎತ್ತಿಕೊಂಡು ಹೋಗಲು ಬಿಟ್ಟರೆ ತಾವೂ ಹೋಗುವೆವೆಂದು ಕೇಳಿಕೊಂಡರು. ಗುಂಡು ನಿಂತುನಿಂತು ಗಂಟೆಗಟ್ಟಲೆ ನಡೆಯಿತು. ಸತ್ತವರು ಸುಮಾರು ಮೂವತ್ತು ಮಂದಿ ಎಂದು ಸರಕಾರದವರು ಲೆಕ್ಕ ಕೊಟ್ಟರು. ಪಟ್ಟಣದವರು ನೂರಾರು ಮಂದಿ ಎಂದರು. ಬಂದೂಕು ತಯಾರಿಸಬಲ್ಲ, ಗುರಿತಪ್ಪದೆ ಹೊಡೆಯಬಲ್ಲ ಜನರ ನಾಡಿನಲ್ಲಿ ಹೀಗೆ ನಡೆಯಿತೆಂಬದನ್ನು ವಾಚಕರು ಆಲೋಚಿಸಬೇಕು.

ಈ ತಾಳ್ಮೆಯು ಇನ್ನೊಂದು ಕಡೆಯಲ್ಲಿಯೂ ಕೆಲಸ ಮಾಡಿತು. ಆ ದಿನಗಳಲ್ಲಿ ರಾಯಲ್ ಗಢವಾಲ್ ರೈಫಲ್ಸ್ ಎಂಬ ದಳದ ಎರಡು ತುಕಡಿಗಳನ್ನು ಜನರ ಎದುರಿಗೆ ಕಳುಹಿಸಲಾಯಿತು. ಇವರು ಹಿಮಾಲಯದ ಹಿಂದೂ ಸಿಪಾಯಿಗಳು. ಎದುರಿಗಿದ್ದವರು ಹೆಚ್ಚಾಗಿ ಮುಸಲ್ಮಾನರು. ಹಿಂದೂಗಳ ಕೈಯಿಂದ ಮುಸಲ್ಮಾನರ ಮೇಲೆ ಗುಂಡು ಹಾರಿಸುವದು ಸುಲಭವೆಂದು ಅಧಿಕಾರಿಗಳು ತಿಳಿದಿದ್ದರೆ ಅವರ ಎಣಿಕೆ ತಪ್ಪಿತು. ಹವಾಲ್ದಾರ ಚಂದ್ರಸಿಂಹನೂ ಅವನ ಜೊತೆಯವರೂ ಆಯುಧವಿಲ್ಲದ ಸಹೋದರರ ಮೇಲೆ ಗುಂಡು ಹಾರಿಸಲೊಲ್ಲದೆ ಹೋದರು. ದಂಡಿನ ನ್ಯಾಯಸ್ಥಾನವು ಅವರಿಗೆ ಕಠಿಣ ಶಿಕ್ಷೆ ಕೊಟ್ಟಿತು. ಚಂದ್ರಸಿಂಹನಿಗೆ ಜೀವಾವಧಿ ಶಿಕ್ಷೆಯಾಗಿ, ೧೯೪೧ರಲ್ಲಿ ಬಿಡುಗಡೆ ದೊರೆಯಿತು. ಎದುರಿಗಿದ್ದವರು ಕತ್ತಿ ಹಿಡಿದು ಬಂದಿದ್ದರೆ ಈ ಸಿಪಾಯಿಗಳು ಯೋಚಿಸುವಷ್ಟು ಬಿಡುವು ಸಿಕ್ಕುತ್ತಿರಲಿಲ್ಲ.

ಮೇ ತಿಂಗಳಲ್ಲಿ ಸೈನ್ಯವು ಉತ್ಮಾನ್‌ಜೈಯನ್ನು ಸುತ್ತಿಕೊಂಡು ದಳದ ಕಚೇರಿಯನ್ನು ಸುಟ್ಟಿತು; ಸೇವಕರ ಮೈಮೇಲಿನ ಕೆಂಪಂಗಿಗಳನ್ನು ಕಿತ್ತು ಅವರನ್ನು ಹೊಡೆದರು. ದಳವನ್ನು ಅಡಗಿಸಲು ಮಾಡಿದ ಈ ಕಾರ್ಯಗಳಿಂದ ಅದು ಇನ್ನಷ್ಟು ಬೆಳೆಯಿತು. ಹಳ್ಳಿಹಳ್ಳಿಗಳಿಂದ ಜನರು ಬಂದು ಪ್ರಮಾಣ ಮಾಡಿ ಕೆಲವು ತಿಂಗಳುಗಳಲ್ಲಿ ಸಂಖ್ಯೆಯು ಹತ್ತಾರು ಸಾವಿರಕ್ಕೆ ಏರಿತು. ಮುಖಂಡರು ಮಾತ್ರ ಪಂಜಾಬಿನ ಸೆರೆಮನೆಯಲ್ಲಿದ್ದರು. ಗುರುವು ದೂರವಿದ್ದಾಗಲೂ ಶಿಷ್ಯರು ಪಾಠವನ್ನು ಮರೆಯಲಿಲ್ಲ.

ಸೆರೆಮನೆಯ ವರುಷಗಳು

೧೯೩೧ರಲ್ಲಿ ಗಾಂಧೀಜಿಯವರಿಗೂ ವೈಸರಾಯಿ ಇರ್ವಿನ್ ಸಾಹೇಬರಿಗೂ ಒಡಂಬಡಿಕೆಯಾಗಿ ಗಫಾರ್ ಖಾನರು ಬಿಡುಗಡೆಯಾದರು. ಅದೇ ವರುಷ ಅವರ ದಳವು ಕಾಂಗ್ರೆಸಿನೊಂದಿಗೆ ಕೂಡಿಕೊಂಡಿತು. ಡಿಸೆಂಬರಿನಲ್ಲಿ ಅವರನ್ನೂ ಅಣ್ಣನನ್ನೂ ಪುನಃ ಹಿಡಿದು ಹಜಾರಿಬಾಗಿನ ಸೆರೆಮನೆಗೆ ಒಯ್ದರು. ೧೯೩೪ರಲ್ಲಿ ಬಿಟ್ಟರಾದರೂ ಪಂಜಾಬಿಗೂ ಗಡಿನಾಡಿಗೂ ಕಾಲಿಡಕೂಡದೆಂದು ಅಪ್ಪಣೆಯಾಯಿತು. ಅವರು ವರ್ಧಾದಲ್ಲಿ ಗಾಂಧೀಜಿಯವರ ಸಂಗಡ ಇದ್ದರು. ಕಾಂಗ್ರೆಸಿನ ಅಧ್ಯಕ್ಷ ಪದವಿಯನ್ನು ಅವರಿಗೆ ಕೊಡಬೇಕೆಂದು ಹಲವರು ಇಚ್ಛಿಸಲು, ತಾನು ಸಿಪಾಯಿಯಾಗಿಯೇ ಇರುವೆನೆಂದು ಒಲ್ಲೆನೆಂದರು.

ಅದೇ ವರುಷ ಮುಂಬಯಿಯಲ್ಲಿ ಭಾರತೀಯ ಕ್ರೈಸ್ತರ ಸಂಘದವರು ಅವರನ್ನು ಕರೆದರು. ಗಡಿನಾಡಿನಲ್ಲಿ ನಡೆದದ್ದನ್ನು ಅವರು ಮುಚ್ಚುಮರೆಯಿಲ್ಲದೆ ಆ ಸಭೆಯ ಮುಂದೆ ಹೇಳಿದರು. ಈ ಭಾಷಣವು ರಾಜದ್ರೋಹವೆಂದು ಎಣಿಸಲ್ಪಟ್ಟು ಪುನಃ ಎರಡು ವರುಷದ ಕಠಿಣ ಶಿಕ್ಷೆಯಾಯಿತು. ಮಿಶನ್ ಶಾಲೆಯಲ್ಲಿ ಕಲಿತ ಆ ಮುಸಲ್ಮಾನರು ಕ್ರೈಸ್ತರ ಸಭೆಯಲ್ಲಿ ಆಡಿದ ಮಾತಿಗಾಗಿ ಸೆರೆಗೆ ಹೋದದ್ದು ನಮ್ಮ ವಾಚಕರಿಗೆ ನೆನಪಿರತಕ್ಕ ಸಂಗತಿ.

೧೯೩೭ರಲ್ಲಿ ಡಾಕ್ಟರ್ ಖಾನ್ ಸಾಹೇಬರು ಪ್ರಾಂತದ ಮುಖ್ಯಮಂತ್ರಿಯಾದರು. ತಮ್ಮನಾದ ಗಫಾರ್ ಖಾನರು ಯಾವ ಅಧಿಕಾರವನ್ನೂ ಹಿಡಿಯದೆ ಹಳ್ಳಿಗಳಿಗೇ ಮರಳಿದರು. ೧೯೩೮ರಲ್ಲಿ ಗಾಂಧೀಜಿಯವರು ಎರಡು ಸಾರಿ ಗಡಿನಾಡಿನಲ್ಲಿ ಸಂಚರಿಸಿ ದಳದವರನ್ನು ಕಂಡರು. ೧೯೪೦ರಲ್ಲಿ, ಕೆಲವು ಕರಾರುಗಳ ಮೇಲೆ ಯುದ್ಧಕ್ಕೆ ಸಹಾಯ ಮಾಡಲು ಕಾಂಗ್ರೆಸಿನ ಕಾರ್ಯಸಮಿತಿಯವರು ಒಪ್ಪಿದಾಗ, ಗಫಾರ್ ಖಾನರು ಸಮಿತಿಯನ್ನು ಬಿಟ್ಟು ಹೊರಬಂದರು. ಅಹಿಂಸೆ ಅವರಿಗೆ ಸಮಯಕ್ಕೆ ತೊಟ್ಟು ಸಮಯಕ್ಕೆ ಕಳಚುವ ಅಂಗಿಯಾಗಿರಲಿಲ್ಲ. ೧೯೪೨ರ ಚಳವಳಿಯಲ್ಲಿ ಸೆರೆಹಿಡಿಯುವಾಗ ಪೊಲೀಸರು ಹೊಡೆದ ಹೊಡೆತಕ್ಕೆ ಅವರ ಪಕ್ಕೆಲುಬುಗಳು ಮುರಿದವು. ಆಗ ಅವರಿಗೆ ಐವತ್ತು ದಾಟಿತ್ತು.

ದೇಶ ವಿಭಾಗವಾದ ಮೇಲೆ

ಇನ್ನು ಹೇಳುವ ಭಾಗವು ದುಃಖಕರವಾದದ್ದು. ೧೯೪೭ರಲ್ಲಿ ಬಿಹಾರದಲ್ಲಿ ಹಿಂದೂಗಳಿಂದ ಹಾಳಾದ ಮುಸಲ್ಮಾನರ ಹಳ್ಳಿಗಳಲ್ಲಿ ಗಫಾರ್ ಖಾನರು ಗಾಂಧೀಜಿಯವರ ಸಂಗಡ ನಡೆದರು. ಇತ್ತ ಪೆಶಾವರದಲ್ಲಿ ಅವರ ಸೇವಕರು ಹಿಂದೂ ಸಿಖ್ಖರ ಮನೆಗಳನ್ನು ಕಾಯುತ್ತಿದ್ದರು. ದೇಶವನ್ನು ಎರಡಾಗಿ ಮಾಡಬಾರದೆಂಬದೇ ಅವರ ಇಷ್ಟವಾಗಿತ್ತು. ಆದರೆ ಕಾಂಗ್ರೆಸ್ ವಿಭಾಗಕ್ಕೆ ಒಪ್ಪಿತು. ಗಡಿನಾಡು ಯಾವ ಕಡೆಗೆ ಸೇರಬೇಕೆಂದು ಜುಲಾಯಿಯಲ್ಲಿ ಮತ ತೆಗೆದುಕೊಂಡಾಗ, ಪಠಾಣರು ಬೇರೆಯಾಗಿರುವ ಪ್ರಶ್ನೆಯನ್ನು ಕೇಳದೆ ಇದ್ದದರಿಂದ ಅವರೂ ಅವರ ದಳದವರೂ ಮತ ಹಾಕಲಿಲ್ಲ. ಗಡಿನಾಡು ಪಾಕಿಸ್ತಾನಕ್ಕೆ ಸೇರಿತು. ಹದಿನೇಳು ವರುಷ ಜೊತೆಯಾಗಿ ದುಡಿದ ಗೆಳೆಯರು ಕೈಬಿಟ್ಟರೆಂಬ ನೋವು ಅವರ ಮನಸ್ಸಿನಿಂದ ಹೋಗಲಿಲ್ಲ.

ಆದರೂ ೧೯೪೮ರಲ್ಲಿ ಅವರು ಹೊಸ ರಾಜ್ಯಕ್ಕೆ ವಿಧೇಯನಾಗಿರುವೆನೆಂದು ಪ್ರಮಾಣ ಮಾಡಿ, ಪಠಾಣರ ಹಕ್ಕಿಗಾಗಿ ಶಾಂತವಾಗಿಯೇ ಮಾತಾಡಿದರು. ಜೂನ್ ತಿಂಗಳಲ್ಲಿ ಅವರನ್ನು ಸೆರೆಹಿಡಿದರು. ಆಗಸ್ಟ್ ೧೨ರಂದು ಚಾರ್ಸದ್ದದ ಬಳಿಯ ಬಾಬ್ಡಾದಲ್ಲಿ, ಆಯುಧವಿಲ್ಲದೆ ಕೂಡಿದ್ದ ಅವರ ಅನುಯಾಯಿಗಳ ಮೇಲೆ ಗುಂಡು ಹಾರಿ ಬಹುಜನರು ಸತ್ತರು. ಈ ಸಾರಿ ಗುಂಡು ಹಾರಿಸಿದವರು ಪರದೇಶದವರಲ್ಲ. ದಳವನ್ನು ನಿಷೇಧಿಸಲಾಯಿತು. ಅವರ ಆಯುಸ್ಸಿನಲ್ಲಿ ಇಪ್ಪತ್ತೈದು ವರುಷಕ್ಕಿಂತ ಹೆಚ್ಚು ಕಾಲ ಸೆರೆಯಲ್ಲಿಯೇ ಕಳೆಯಿತು. ಅದರಲ್ಲಿ ದೊಡ್ಡ ಪಾಲು ಸ್ವಾತಂತ್ರ್ಯ ಬಂದ ಮೇಲಿನದು. ೧೯೫೮ರಲ್ಲಿ ಅಣ್ಣನಾದ ಖಾನ್ ಸಾಹೇಬರು ಲಾಹೋರಿನಲ್ಲಿ ಕೊಲೆಯಾದರು. ೧೯೬೪ರಿಂದ ಕೆಲವು ವರುಷ ಗಫಾರ್ ಖಾನರು ಆಫ್ಘಾನಿಸ್ಥಾನದಲ್ಲಿ ಪರವಾಸಿಯಾಗಿದ್ದರು.

೧೯೬೯ರಲ್ಲಿ, ಗಾಂಧೀಜಿಯವರ ನೂರನೆಯ ಹುಟ್ಟುಹಬ್ಬದ ಕಾಲಕ್ಕೆ ಅವರನ್ನು ಭಾರತಕ್ಕೆ ಕರೆದರು. ಆಗ್ಗೆ ಗುಜರಾತಿನಲ್ಲಿ ಹಿಂದೂ ಮುಸಲ್ಮಾನರ ಗಲಭೆಯಾಗಿ ಬಹುಜನರು ಸತ್ತಿದ್ದರು. ಸನ್ಮಾನಕ್ಕೆ ಬಂದ ಮುದುಕರು ಅದನ್ನು ಕೇಳಿ ಮೂರು ದಿನ ಉಪವಾಸ ಮಾಡಿದರು. ೧೯೮೭ರಲ್ಲಿ ಭಾರತ ಸರಕಾರವು ಅವರಿಗೆ ಭಾರತರತ್ನ ಎಂಬ ಬಿರುದನ್ನು ಕೊಟ್ಟಿತು. ಈ ದೇಶದ ಪ್ರಜೆಯಲ್ಲದವರಿಗೆ ಅದು ದೊರೆತದ್ದು ಅದೇ ಮೊದಲು. ೧೯೮೮ನೇ ಜನವರಿ ೨೦ರಂದು ಪೆಶಾವರದಲ್ಲಿ ಅವರು ತೀರಿಕೊಂಡರು. ಅವರ ಇಚ್ಛೆಯ ಪ್ರಕಾರ ಖೈಬರ್ ಕಣಿವೆಯ ಆಚೆಗೆ ಜಲಾಲಾಬಾದಿನಲ್ಲಿ ಹೂಳಿದರು. ಆಫ್ಘಾನಿಸ್ಥಾನದಲ್ಲಿ ಆಗ ಘೋರ ಯುದ್ಧ ನಡೆಯುತ್ತಿತ್ತು; ಶವಸಂಸ್ಕಾರಕ್ಕಾಗಿ ಹೋರಾಡುವವರು ಯುದ್ಧವನ್ನು ನಿಲ್ಲಿಸಿದರು; ಸಾವಿರಾರು ಜನರು ಗಡಿಯನ್ನು ದಾಟಿ ಹೋದರು. ಅಲ್ಲಿಯೂ ಯಾರೋ ಬಾಂಬು ಇಟ್ಟು ಕೆಲವರನ್ನು ಕೊಂದರು.

ಸಮಾಪ್ತಿ

ವಾಚಕರೇ, ಇಂಥಾ ಚರಿತ್ರೆಯನ್ನು ಓದಿ, ಹಾಗಾದರೆ ಇಷ್ಟೆಲ್ಲಾ ಪಟ್ಟ ಪಾಡಿಗೆ ಫಲವೇನು ಎಂದು ಕೇಳುವವರಿರುವರು. ಫಲವಿಲ್ಲದಿರಲಿಲ್ಲ. ಮನೆಮನೆಯ ಕೊಲೆಯನ್ನೇ ಕುಲದ ಮಾನವೆಂದೆಣಿಸಿದ ಜನರು ಕ್ಷಮಿಸಲು ಕಲಿತರು; ಮತ ಹಾಕುವ ಹಕ್ಕು ಗಡಿನಾಡಿಗೂ ದೊರೆಯಿತು; ಆಜ್ಞಾಧಾರಕ ಸಿಪಾಯಿಯ ಕೈಯೂ ಬಂದೂಕಿನ ಮೇಲೆ ತಡೆಯಿತು. ಆದರೆ ಅವರು ಬಯಸಿದ್ದೆಲ್ಲವೂ ದೊರೆಯಲಿಲ್ಲವೆಂಬದನ್ನೂ ಮರೆಮಾಡತಕ್ಕದ್ದಲ್ಲ. ಫಲ ಕಾಣುವಷ್ಟು ದಿನ ಮಾತ್ರ ಒಳ್ಳೇ ಮಾರ್ಗದಲ್ಲಿ ನಡೆಯುವವರು ಅನೇಕರು. ಫಲ ಕೈತಪ್ಪಿದ ಮೇಲೆಯೂ ಅದೇ ಮಾರ್ಗದಲ್ಲಿ ನಾಲ್ವತ್ತು ವರುಷ ನಡೆದವರು ವಿರಳ.

ಇನ್ನೊಂದು ಸಂಗತಿಯನ್ನು ಹೇಳಿ ಮುಗಿಸುವೆವು. ಕಿಸ್ಸಾ ಖ್ವಾನಿ ಬೀದಿಯ ಧೈರ್ಯವನ್ನು ಕೇಳಿದವನು, ಅಂಥಾ ದಿನ ನನಗೆ ಬಂದರೆ ನಾನೂ ನಿಂತೇನು ಎಂದುಕೊಳ್ಳುವದು ಸುಲಭ. ಆದರೆ ಹದಮಾಡದ ಹೊಲದಲ್ಲಿ ಬಿತ್ತಿದ್ದು ಮೊಳೆಯದು. ಆ ದಿನದ ಧೈರ್ಯವು ಆ ದಿನ ಹುಟ್ಟಿದ್ದಲ್ಲ. ಓಣಿ ಗುಡಿಸುವಾಗ, ಹುಡುಗರಿಗೆ ಅಕ್ಷರ ಕಲಿಸುವಾಗ, ಕಾಲುವೆಯ ನೀರಿಗಾಗಿ ಕತ್ತಿ ಎತ್ತಿದ ನೆರೆಯವನ ಮನೆಗೆ ತಾನಾಗಿ ಹೋಗಿ ರಾಜಿಯಾಗುವಾಗ, ಅದು ಗೇಣುಗೇಣಾಗಿ ಬೆಳೆದಿತ್ತು. ನಮ್ಮ ಹಳ್ಳಿಗಳಲ್ಲಿಯೂ ಬದುವಿನ ಜಗಳವುಂಟು, ನೀರಿನ ಪಾಳಿಯ ಜಗಳವುಂಟು, ಅಜ್ಜನ ಕಾಲದಿಂದ ಒಬ್ಬರ ಮನೆಗೆ ಒಬ್ಬರು ಕಾಲಿಡದ ಮನೆತನಗಳುಂಟು. ಅವುಗಳಲ್ಲಿ ಒಂದನ್ನು ಈ ವರುಷದ ಸುಗ್ಗಿಗೆ ಮುಂಚೆ ತೀರಿಸಿಕೊಳ್ಳುವವನು ಗಫಾರ್ ಖಾನರ ಚರಿತ್ರೆಯನ್ನು ಸರಿಯಾಗಿ ಓದಿದವನು.